ಸಣ್ಣ ಸಂಘಕ್ಕೆ ಅನುದಾನ: ಅರ್ಜಿಗಿಂತ ಮೊದಲು ಕಡತ

ಬೆಂಗಳೂರಿನ ಒಂದು ಕಂಪನಿಯ ಪ್ರತಿಷ್ಠಾನದಲ್ಲಿ ಹಲವು ವರ್ಷ ಅನುದಾನದ ಅರ್ಜಿಗಳನ್ನು ಓದುವುದೇ ನನ್ನ ಕೆಲಸವಾಗಿತ್ತು. ಈಗ ಹಾವೇರಿಯಲ್ಲಿದ್ದೇನೆ, ಅಂಥ ಅರ್ಜಿ ಬರೆಯುವವರ ಪಕ್ಕದಲ್ಲಿ ಕೂರುತ್ತೇನೆ. ಯುವಕ ಸಂಘ, ಮಹಿಳಾ ಮಂಡಳ, ಊರ ಗ್ರಂಥಾಲಯ, ಅಂಗವಿಕಲ ಮಕ್ಕಳ ಶಾಲೆ, ದೊಡ್ಡಾಟದ ಮೇಳ ಹೀಗೆ ಬರುವವರೆಲ್ಲ ಸಣ್ಣವರೇ. "ಎಲ್ಲಿಂದಾದರೂ ಫಂಡ್ ಕೊಡಿಸಿ ಮೇಡಂ" ಎನ್ನುವುದು ಅವರ ಮೊದಲ ಮಾತು. "ಹೋದ ವರ್ಷದ ಆಡಿಟ್ ವರದಿ ತಂದಿದ್ದೀರಾ?" ಎನ್ನುವುದು ನನ್ನ ಮೊದಲ ಮಾತು. ಹೆಚ್ಚಿನ ಸಲ ಅಲ್ಲಿಗೆ ಇಬ್ಬರೂ ಸುಮ್ಮನಾಗುತ್ತೇವೆ.

ಹಣ ಕೊಡುವವರು ಅರ್ಜಿಯನ್ನು ಹೇಗೆ ಓದುತ್ತಾರೆ ಎಂಬುದು ಕೇಳುವವರಿಗೆ ಗೊತ್ತಿರುವುದಿಲ್ಲ. ನಾವು ಮೊದಲು ಯೋಜನೆಯನ್ನು ಓದುತ್ತಲೇ ಇರಲಿಲ್ಲ. ಮೊದಲು ಲಗತ್ತುಗಳನ್ನು ನೋಡುತ್ತಿದ್ದೆವು. ನೋಂದಣಿ ಪತ್ರ, ಪ್ಯಾನ್, ತೆರಿಗೆ ಇಲಾಖೆಯ ಮಾನ್ಯತೆ, ಮೂರು ವರ್ಷದ ಆಡಿಟ್ ವರದಿ ಇಲ್ಲದ ಅರ್ಜಿ ಎಷ್ಟೇ ಒಳ್ಳೆಯ ಕೆಲಸದ್ದಾದರೂ ಪಕ್ಕಕ್ಕೆ ಹೋಗುತ್ತಿತ್ತು. ಅದು ನಿಷ್ಕರುಣೆಯಲ್ಲ. ಕಾನೂನು ಒಪ್ಪದವರಿಗೆ ಹಣ ಕೊಟ್ಟರೆ ಕೊಟ್ಟವರೇ ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಕಾಗದಪತ್ರದಿಂದಲೇ ಶುರುಮಾಡುತ್ತೇನೆ. ಬೇಸರದ ಭಾಗ, ಆದರೆ ಅರ್ಧ ಕೆಲಸ ಇಲ್ಲೇ ಇದೆ.

ಕಡತದಲ್ಲಿ ಏನಿರಬೇಕು

ನಿಮ್ಮದು ಸಂಘವಾಗಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯಾಗಿರುತ್ತದೆ. ಟ್ರಸ್ಟ್ ಆಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಡೀಡ್ ಇರುತ್ತದೆ. ಮೂರನೆಯ ಬಗೆ ಕಂಪನಿ ಕಾಯ್ದೆಯ 8ನೆಯ ಸೆಕ್ಷನ್ನಿನ ಸಂಸ್ಥೆ. ಊರ ಮಟ್ಟದಲ್ಲಿ ಅದರ ಗೋಜು ಬೇಡ, ವಾರ್ಷಿಕ ಖರ್ಚೇ ಭಾರವಾಗುತ್ತದೆ.

ಸಂಘಗಳ ದೊಡ್ಡ ತೊಡಕು ನವೀಕರಣ. ಪ್ರತಿ ವರ್ಷ ಮಹಾಸಭೆ ನಡೆಸಿ, ಅದಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿಗೆ ಹೋದರೆ ಆಗುವ ಕೆಲಸ ಇದು. ಆದರೆ ಹತ್ತು ವರ್ಷ ಹಿಂದೆ ನೋಂದಣಿ ಮಾಡಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಆ ಕಚೇರಿಯ ಕಡೆ ಮತ್ತೆ ತಲೆ ಹಾಕದ ಸಂಘಗಳೇ ಹೆಚ್ಚು. ಅನುದಾನದ ಪ್ರಕಟಣೆ ಬಂದ ಮೇಲೆ ಬಾಕಿ ವರ್ಷಗಳ ಆಡಿಟ್ ಮಾಡಿಸಲು ಓಡುವುದೆಂದರೆ ಮಳೆ ಹಿಡಿದ ಮೇಲೆ ಹೆಂಚು ಸರಿಪಡಿಸಲು ಮಾಡು ಹತ್ತಿದ ಹಾಗೆ. ಈ ವರ್ಷವೇ ಬಾಕಿ ತೀರಿಸಿಬಿಡಿ. ದಂಡ ಬಿದ್ದರೆ ಕಟ್ಟಿಬಿಡಿ.

ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲಿರಬೇಕು, ಸಂಘದ್ದೇ ಪ್ಯಾನ್ ಇರಬೇಕು, ಇಬ್ಬರ ಜಂಟಿ ಸಹಿ ಇರಬೇಕು. ಅಧ್ಯಕ್ಷರ ಸ್ವಂತ ಖಾತೆಗೆ ದೇಣಿಗೆ ಹಾಕಿಸಿಕೊಂಡು "ಎಲ್ಲ ಲೆಕ್ಕ ಇದೆ ಮೇಡಂ" ಎಂದು ಡೈರಿ ತೋರಿಸಿದರೆ ಯಾವ ಸಂಸ್ಥೆಯೂ ನಂಬುವುದಿಲ್ಲ, ನಂಬಬಾರದು ಕೂಡ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ಒಂದೇ ಮನೆಯವರಾಗಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ. ನಾವು ಆಡಳಿತ ಮಂಡಳಿಯ ಪಟ್ಟಿಯಲ್ಲಿ ಮೊದಲು ನೋಡುತ್ತಿದ್ದುದು ಅಡ್ಡಹೆಸರನ್ನು.

ಇನ್ನು ತೆರಿಗೆ ಇಲಾಖೆಯ ಎರಡು ಪತ್ರಗಳು. ಆಡಿಟರುಗಳ ಬಾಯಲ್ಲಿ ಅವು 12ಎ ಮತ್ತು 80ಜಿ. ಮೊದಲನೆಯದು ಇದ್ದರೆ ನಿಮ್ಮ ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ, ಎರಡನೆಯದು ಇದ್ದರೆ ನಿಮಗೆ ಕೊಟ್ಟವರಿಗೆ ವಿನಾಯಿತಿ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾದರೂ ಮಾತಿನಲ್ಲಿ ಹಳೆಯ ಹೆಸರುಗಳೇ ಇನ್ನೂ ಬಹುಕಾಲ ಓಡುತ್ತವೆ; ಅರ್ಜಿ ತುಂಬುವಾಗ ಮಾತ್ರ ಆಡಿಟರನ್ನು ಕೇಳಿ ಹೊಸ ಸಂಖ್ಯೆ ಬರೆಯಿರಿ. ಹೊಸ ಸಂಸ್ಥೆಗೆ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಆಮೇಲಿನದು ಐದು ವರ್ಷಕ್ಕೆ. ವಾರ್ಷಿಕ ಆದಾಯ 5 ಕೋಟಿ ರೂಪಾಯಿ ಮೀರದ ಸಂಸ್ಥೆಗಳಿಗೆ 12ಎ ನೋಂದಣಿಯ ಅವಧಿಯನ್ನು 2025ರಲ್ಲಿ ಹತ್ತು ವರ್ಷಕ್ಕೆ ಏರಿಸಿದ್ದಾರೆ, ಆದರೆ 80ಜಿಯ ಅವಧಿ ಬೇರೆ. ಎರಡರ ಮುಕ್ತಾಯದ ದಿನಾಂಕವನ್ನೂ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

80ಜಿ ಬಂದರೆ ಕೆಲಸವೂ ಬರುತ್ತದೆ. ಕೊಟ್ಟವರ ಹೆಸರು, ಪ್ಯಾನ್, ಮೊತ್ತದ ವಿವರವನ್ನು ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ ದಾನಿಗಳಿಗೆ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. 2,000 ರೂಪಾಯಿಗಿಂತ ಹೆಚ್ಚಿನ ಮೊತ್ತ ನಗದಾಗಿ ಬಂದರೆ ಕೊಟ್ಟವರಿಗೆ ವಿನಾಯಿತಿ ಸಿಗದು. ಚೆಕ್ ಅಥವಾ ಯುಪಿಐ ಕೇಳಿ.

ಇವುಗಳ ಜೊತೆಗೆ ನೀತಿ ಆಯೋಗದ ದರ್ಪಣ್ ಪೋರ್ಟಲ್ಲಿನಲ್ಲಿ ಸಂಸ್ಥೆಯನ್ನು ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯಿರಿ. ಅದು ಉಚಿತ. ಕೇಂದ್ರ ಸರ್ಕಾರದ ಬಹುಪಾಲು ಅರ್ಜಿಗಳಲ್ಲಿ ಆ ಸಂಖ್ಯೆ ಕೇಳುತ್ತಾರೆ.

ಯಾರ ಬಾಗಿಲು

ದೂರದ ದೊಡ್ಡ ಹೆಸರಿಗೆ ಕೈ ಚಾಚುವ ಮೊದಲು ಜಿಲ್ಲಾ ಕೇಂದ್ರದಲ್ಲಿರುವ ಕಚೇರಿಗಳನ್ನು ಒಮ್ಮೆ ಸುತ್ತಿ. ಕಲೆ, ಸಾಹಿತ್ಯ, ಜಾನಪದದ ಸಂಘವಾದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ಪತ್ರಿಕಾ ಪ್ರಕಟಣೆ ಬರುತ್ತದೆ, ಅರ್ಜಿ ಸೇವಾ ಸಿಂಧು ಮೂಲಕ ಹೋಗುತ್ತದೆ. ಗಡುವು ಚಿಕ್ಕದಿರುವುದರಿಂದ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡಿರುವವರಿಗೆ ಅನುಕೂಲ. ಅಂಗವಿಕಲ ಮಕ್ಕಳ ಶಾಲೆ ನಡೆಸುವವರಿಗೆ ಕೇಂದ್ರದ ದೀನದಯಾಳ್ ಪುನರ್ವಸತಿ ಯೋಜನೆ ಇದೆ. ಅರ್ಜಿ ಇ-ಅನುದಾನ್ ಪೋರ್ಟಲ್ಲಿನಲ್ಲಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ನೋಂದಣಿ ಬೇಕು, ಜಿಲ್ಲೆಯಿಂದ ತಪಾಸಣೆ ನಡೆದು ಶಿಫಾರಸು ಹೋಗಬೇಕು. ಗ್ರಂಥಾಲಯ ನಡೆಸುವ ಸಂಘಗಳು 1972ರಲ್ಲಿ ಕಟ್ಟಿದ ಕೋಲ್ಕತ್ತದ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನ ಬಗ್ಗೆ ನಮ್ಮ ಗ್ರಂಥಾಲಯ ಇಲಾಖೆಯಲ್ಲಿ ಕೇಳಿ. ಸ್ವಸಹಾಯ ಗುಂಪು, ರೈತ ಉತ್ಪಾದಕರ ಕೆಲಸವಾದರೆ ನಬಾರ್ಡ್‌ನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನು ಕಾಣಿ.

ಶಾಸಕರ ನಿಧಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಅದು ಕೊಠಡಿ, ಕಾಂಪೌಂಡ್, ಉಪಕರಣದಂಥ ಉಳಿಯುವ ಆಸ್ತಿಗೆ. ಶಿಕ್ಷಕಿಯ ಗೌರವಧನಕ್ಕೋ ವಾರ್ಷಿಕೋತ್ಸವದ ಪೆಂಡಾಲಿಗೋ ಅಲ್ಲ. ಹಣ ಸಂಘದ ಕೈಗೆ ಬರುತ್ತದೆ ಎಂದುಕೊಳ್ಳಬೇಡಿ. ಜಿಲ್ಲಾಡಳಿತದ ಮೂಲಕ ಅನುಷ್ಠಾನ ಸಂಸ್ಥೆ ಕಾಮಗಾರಿ ಮಾಡುತ್ತದೆ.

ಈಗ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. ಇದರ ಬಗ್ಗೆ ಊರ ಕಡೆ ಕಲ್ಪನೆಯೇ ಹೆಚ್ಚು, ತಿಳಿವಳಿಕೆ ಕಡಿಮೆ. ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ಎಂಬ ಅರ್ಜಿ ತುಂಬಿ ಕಂಪನಿ ವ್ಯವಹಾರಗಳ ಸಚಿವಾಲಯದಿಂದ ಸಂಖ್ಯೆ ಪಡೆದಿರಬೇಕು. ಇದು 2021ರ ಏಪ್ರಿಲ್ 1ರಿಂದ ಕಡ್ಡಾಯ. ಕಂಪನಿಯವರೇ ಕಟ್ಟಿದ ಸಂಸ್ಥೆಯಲ್ಲದಿದ್ದರೆ 12ಎ, 80ಜಿ ಎರಡೂ ಇರಬೇಕು, ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವೂ ಬೇಕು. ಹೋದ ವರ್ಷ ಹುಟ್ಟಿದ ಟ್ರಸ್ಟ್‌ಗೆ ಹಣ ಕೊಡಲು ಕಂಪನಿಯವರಿಗೆ ಮನಸ್ಸಿದ್ದರೂ ದಾರಿಯಿಲ್ಲ. ಅಂಥವರು ಅನುಭವವಿರುವ ಸಂಸ್ಥೆಯ ಜೊತೆ ಸೇರಿ ಅವರ ಯೋಜನೆಯ ಒಂದು ಭಾಗವನ್ನು ತಮ್ಮ ಊರಿನಲ್ಲಿ ಮಾಡಿಕೊಟ್ಟು ಮೂರು ವರ್ಷ ದಾಟಿಸುವುದು ಒಳ್ಳೆಯದು.

ಯಾವ ಕಂಪನಿ ಎಂದು ಹುಡುಕುವ ದಾರಿ ನಿಮ್ಮ ಮೊಬೈಲಿನಲ್ಲೇ ಇದೆ. ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್ಲಿನಲ್ಲಿ ಯಾವ ಕಂಪನಿ ಯಾವ ಕೆಲಸಕ್ಕೆ ಎಷ್ಟು ಕೊಟ್ಟಿದೆ ಎಂದು ನೋಡಬಹುದು. ಅದಕ್ಕಿಂತ ಉಪಯುಕ್ತವಾದದ್ದು ಕಂಪನಿಯ ವಾರ್ಷಿಕ ವರದಿಯ ಕೊನೆಯ ಕಡೆ ಬರುವ ಸಿಎಸ್‌ಆರ್ ಅನುಬಂಧ. ಯೋಜನೆಯ ಹೆಸರು, ಜಿಲ್ಲೆ, ಮೊತ್ತ, ಮಾಡಿದ ಸಂಸ್ಥೆ ಇವನ್ನು ಅಲ್ಲಿ ಕೋಷ್ಟಕದಲ್ಲಿ ಕೊಡುವ ಕಂಪನಿಗಳಿವೆ. ಆ ಒಂದು ಪುಟ ಓದಿದರೆ ಕಂಪನಿಗೆ ಏನು ಬೇಕು, ಎಷ್ಟು ಕೊಡುವ ಅಭ್ಯಾಸವಿದೆ ಎಂಬುದು ತಿಳಿಯುತ್ತದೆ. ಎರಡು ಲಕ್ಷದ ಯೋಜನೆಗಳೇ ಇಲ್ಲದ ಕಂಪನಿಗೆ ಎರಡು ಲಕ್ಷದ ಅರ್ಜಿ ಹಾಕಿ ಕಾಯುವುದು ವ್ಯರ್ಥ.

ಕಾರ್ಖಾನೆಯ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ರಾಣೆಬೆನ್ನೂರು ತಾಲೂಕಿನವರು ಕುಮಾರಪಟ್ಟಣದ ಗ್ರಾಸಿಂ ಕಡೆ, ಸಂಡೂರಿನವರು ದೋಣಿಮಲೈನ ಎನ್‌ಎಂಡಿಸಿ ಮತ್ತು ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಡೆ, ಕಾರವಾರದವರು ಕೈಗಾ ಕಡೆ, ಮಂಗಳೂರಿನವರು ಎಂಆರ್‌ಪಿಎಲ್ ಕಡೆ ಮೊದಲು ನೋಡಬೇಕು. ಬೆಂಗಳೂರಿನ ಐಟಿ ಕಂಪನಿಗೆ ಇಮೇಲ್ ಕಳಿಸುವುದು ಆಮೇಲಿನ ಮಾತು. ಇನ್ನೊಂದು ಸಂಗತಿ: ಮ್ಯಾರಥಾನ್, ಪ್ರಶಸ್ತಿ ಪ್ರದಾನ, ಒಂದು ದಿನದ ಸಮಾರಂಭ ಇವು ಸಿಎಸ್‌ಆರ್ ಆಗುವುದಿಲ್ಲ ಎಂದು ಸಚಿವಾಲಯ 2014ರಲ್ಲೇ ಸ್ಪಷ್ಟಪಡಿಸಿದೆ. ಬೆಳ್ಳಿ ಹಬ್ಬಕ್ಕೆ ಪ್ರಾಯೋಜಕರನ್ನು ಹುಡುಕಿ, ಸಿಎಸ್‌ಆರ್ ಕೇಳಬೇಡಿ.

ಕಂಪನಿಯಲ್ಲದ ದಾನಸಂಸ್ಥೆಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಬೇರೆ ಸಂಸ್ಥೆಗಳಿಗೂ ಅನುದಾನ ಕೊಡುತ್ತದೆ. ಕಲೆಯ ಕ್ಷೇತ್ರದವರಿಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. 1993ರಲ್ಲಿ ಶುರುವಾಗಿ 1995ರಿಂದ ಅನುದಾನ ಕೊಡುತ್ತಿದೆ, ಭಾರತೀಯ ಭಾಷೆಗಳಲ್ಲಿ ಬರೆದ ಅರ್ಜಿಯನ್ನೂ ತೆಗೆದುಕೊಳ್ಳುತ್ತದೆ. ಇಂಗ್ಲಿಷ್ ಬಾರದೆಂದು ಹಿಂಜರಿಯುವ ಮೇಳದವರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ವಿದೇಶದ ಹಣದ ವಿಷಯ ಚುಟುಕಾಗಿ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಒಂದು ಡಾಲರನ್ನೂ ಮುಟ್ಟುವಂತಿಲ್ಲ. ನೋಂದಣಿಗೆ ಸಾಮಾನ್ಯವಾಗಿ ಮೂರು ವರ್ಷ ಹಳೆಯ ಸಂಸ್ಥೆಯಾಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವಂತೆಯೂ ಇಲ್ಲ. ಸಣ್ಣ ಸಂಘ ಇದರ ಹಿಂದೆ ಬೀಳದಿರುವುದೇ ಲೇಸು. ಆದರೆ ಅಮೆರಿಕದಲ್ಲೋ ದುಬೈನಲ್ಲೋ ಇರುವ ಊರಿನವರು ಕೊಡುತ್ತೇನೆಂದಾಗ ಅವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟದ್ದು, ಅವರು ನಿಮ್ಮ ಸ್ವಂತ ಅಣ್ಣನೇ ಆಗಿದ್ದರೂ, ವಿದೇಶಿ ದೇಣಿಗೆ.

"ಇಷ್ಟು ಪರ್ಸೆಂಟ್ ಕೊಟ್ಟರೆ ಕೋಟಿ ಕೊಡಿಸುತ್ತೇನೆ" ಎನ್ನುವವರು ಎಲ್ಲ ಜಿಲ್ಲೆಯಲ್ಲೂ ಇದ್ದಾರೆ. ಅವರಿಗೆ ಮುಂಗಡ ಕೊಡಬೇಡಿ, ನಿಮ್ಮ ಲೆಟರ್‌ಹೆಡ್ಡಿನ ಖಾಲಿ ಹಾಳೆಯನ್ನಂತೂ ಕೊಡಲೇಬೇಡಿ. ಅರ್ಜಿ ಬರೆದುಕೊಟ್ಟವರಿಗೆ ಬರೆದ ಕೆಲಸದ ಸಂಭಾವನೆ ಕೊಡಿ. ಬಂದ ಹಣದಲ್ಲಿ ಪಾಲು ಎಂದವರನ್ನು ಬಾಗಿಲಲ್ಲೇ ಕಳಿಸಿ.

ಅರ್ಜಿ ಬರೆಯುವುದು

ನಾನು ಓದಿದ ಅರ್ಜಿಗಳಲ್ಲಿ ಬಹುಪಾಲು ಹೀಗೆ ಶುರುವಾಗುತ್ತಿದ್ದವು: "ಗ್ರಾಮೀಣ ಪ್ರದೇಶದ ಬಡ ಮಕ್ಕಳ ಸರ್ವಾಂಗೀಣ ಅಭಿವೃದ್ಧಿಯ ಸದುದ್ದೇಶದಿಂದ ನಮ್ಮ ಸಂಸ್ಥೆಯು ಅವಿರತವಾಗಿ ಶ್ರಮಿಸುತ್ತಿದೆ." ಊರಿನ ಹೆಸರು ಬದಲಿಸಿದರೆ ಇದು ಯಾವ ಸಂಸ್ಥೆಗಾದರೂ ಹೊಂದುತ್ತದೆ. ಬ್ಯಾಡಗಿ ಕಡೆಯ ಒಂದು ಸಂಘದವರು ಸಂಜೆ ಪಾಠದ ಕೇಂದ್ರಕ್ಕಾಗಿ ಹೀಗೆಯೇ ಬರೆದು ತಂದಿದ್ದರು. ಕೂತು ಮಾತನಾಡಿಸಿದಾಗ ಅವರ ಬಾಯಲ್ಲೇ ಇದ್ದದ್ದನ್ನು ಬರೆದೆವು:

"ನಮ್ಮ ಎರಡು ಹಳ್ಳಿಗಳ ಶಾಲೆಗಳಲ್ಲಿ ನಾಲ್ಕು ಮತ್ತು ಐದನೆಯ ತರಗತಿ ಸೇರಿ 60 ಮಕ್ಕಳಿದ್ದಾರೆ. ಜೂನ್ ತಿಂಗಳಲ್ಲಿ ಪ್ರತಿ ಮಗುವಿನಿಂದಲೂ ಎರಡನೆಯ ತರಗತಿಯ ಕನ್ನಡ ಪಾಠವೊಂದನ್ನು ಓದಿಸಿದೆವು. 34 ಮಕ್ಕಳಿಗೆ ಓದಲಾಗಲಿಲ್ಲ. ತಾಯಂದಿರು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಮರಳುತ್ತಾರೆ. ಐದರಿಂದ ಏಳರವರೆಗೆ ಮಕ್ಕಳಿಗೆ ಓದಿಸುವ ಕೇಂದ್ರವನ್ನು ಹತ್ತು ತಿಂಗಳು ನಡೆಸುತ್ತೇವೆ. ಮಾರ್ಚಿನಲ್ಲಿ ಅದೇ ಪಾಠವನ್ನು ಮತ್ತೆ ಓದಿಸಿ ಫಲಿತಾಂಶ ತಿಳಿಸುತ್ತೇವೆ."

ಇದರಲ್ಲಿ ಒಂದು ವಿಶೇಷಣವೂ ಇಲ್ಲ, ನೋಡಿ. ತೊಂದರೆ ಏನು, ಎಷ್ಟು ಜನಕ್ಕೆ, ಯಾಕೆ, ನೀವು ಏನು ಮಾಡುತ್ತೀರಿ, ಆದದ್ದು ಹೇಗೆ ಗೊತ್ತಾಗುತ್ತದೆ ಎಲ್ಲವೂ ಬಂದಿದೆ. ಓದುವ ಅಧಿಕಾರಿ ಇದನ್ನು ತನ್ನ ಸಮಿತಿಗೆ ಎರಡು ವಾಕ್ಯದಲ್ಲಿ ಹೇಳಬಲ್ಲ. ಅವನಿಗೆ ಬೇಕಾಗಿರುವುದು ಅದೇ.

ಆಯವ್ಯಯ ಪಟ್ಟಿಯನ್ನೂ ಹೀಗೆಯೇ ಬಿಡಿಸಿ ಬರೆದೆವು. ಇಬ್ಬರು ಶಿಕ್ಷಕಿಯರಿಗೆ ತಿಂಗಳಿಗೆ 8,000ದಂತೆ ಹತ್ತು ತಿಂಗಳಿಗೆ 1,60,000. ಮಗುವಿಗೆ 500ರಂತೆ ಪುಸ್ತಕ, ನೋಟುಬುಕ್ಕಿಗೆ 30,000. ಜಮಖಾನ, ಕರಿಹಲಗೆ, ದೀಪಕ್ಕೆ 18,000. ಮೇಲ್ವಿಚಾರಣೆಯ ಓಡಾಟಕ್ಕೆ ತಿಂಗಳಿಗೆ 2,000ದಂತೆ 20,000. ಲೆಕ್ಕ ಬರೆಯುವುದು ಮತ್ತು ಆಡಿಟ್‌ಗೆ 12,000. ಒಟ್ಟು 2,40,000, ಅಂದರೆ ಮಗುವಿಗೆ 4,000. ಕೆಳಗೆ ಇನ್ನೊಂದು ಸಾಲು: ಪಂಚಾಯಿತಿಯ ಎರಡು ಕೊಠಡಿ ಉಚಿತ, ಬಾಡಿಗೆ ಲೆಕ್ಕ ಹಾಕಿದರೆ 30,000, ಇದು ಊರಿನ ಪಾಲು. ಆ ಸಾಲಿಗೆ ಪಂಚಾಯಿತಿಯ ಪತ್ರ ಲಗತ್ತಿಸಿದೆವು. ಊರು ತಾನೇನೂ ಹಾಕದ ಕೆಲಸಕ್ಕೆ ಹೊರಗಿನವರು ಹಾಕಲು ಹಿಂದೆಮುಂದೆ ನೋಡುತ್ತಾರೆ.

ಆಡಿಟ್, ಲೆಕ್ಕದ ಖರ್ಚನ್ನು ಬರೆಯಲು ಸಂಕೋಚಪಡುವವರಿದ್ದಾರೆ. "ಎಲ್ಲ ಮಕ್ಕಳಿಗೇ ಹೋಗಲಿ" ಎನ್ನುತ್ತಾರೆ. ಹಾಗೆ ಬರೆದವರು ಆಮೇಲೆ ಆಡಿಟರ್ ಶುಲ್ಕವನ್ನು ನೋಟುಬುಕ್ಕಿನ ಲೆಕ್ಕದಲ್ಲಿ ತೂರಿಸಬೇಕಾಗುತ್ತದೆ. ಅಲ್ಲಿಂದ ತಪ್ಪು ಲೆಕ್ಕದ ಸರಣಿ ಶುರು. ಆಡಳಿತ ವೆಚ್ಚ ಶೇಕಡ 5 ಮೀರಬಾರದು ಎಂದು ಕೆಲವು ಕಂಪನಿ ಅಧಿಕಾರಿಗಳು ಹೇಳುವುದುಂಟು. ಆ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ಆಡಳಿತಕ್ಕೆ ಮಾಡಿಕೊಳ್ಳುವ ಖರ್ಚಿನದು. ಶಿಕ್ಷಕಿಯ ಗೌರವಧನ, ಮೇಲ್ವಿಚಾರಣೆ ಯೋಜನೆಯ ನೇರ ಖರ್ಚು. ವಿನಯದಿಂದ, ಆದರೆ ಬಿಡದೆ ಹೇಳಿ.

ಅರ್ಜಿಯ ಜೊತೆ ಕಾರ್ಯಕಾರಿ ಸಮಿತಿಯ ಠರಾವಿನ ಪ್ರತಿ ಇರಲಿ: ಯಾವ ಯೋಜನೆಗೆ, ಎಷ್ಟು ಹಣಕ್ಕೆ, ಸಹಿ ಹಾಕಲು ಯಾರಿಗೆ ಅಧಿಕಾರ. ಪೀಠೋಪಕರಣ, ಕಂಪ್ಯೂಟರ್ ಕೇಳಿದ್ದರೆ ಮೂರು ಅಂಗಡಿಯ ಕೊಟೇಶನ್. ಮೂರೂ ಒಂದೇ ಕೈಬರಹದಲ್ಲಿದ್ದ ಕೊಟೇಶನ್‌ಗಳನ್ನು ನಾನು ಕಂಡಿದ್ದೇನೆ. ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಫೋಟೋಗಳಲ್ಲಿ ಅತಿಥಿಗಳ ಹಾರ ತುರಾಯಿ ಬೇಡ, ಕೆಲಸ ನಡೆಯುತ್ತಿರುವ ಎರಡು ಚಿತ್ರ ಸಾಕು.

ಸಮಯದ ಲೆಕ್ಕವೂ ಇದೆ. ಹೆಚ್ಚಿನ ಕಂಪನಿಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹೊಸ ವರ್ಷದ ಯೋಜನೆ ಕಟ್ಟುವ ಹೊತ್ತಿಗೆ ನಿಮ್ಮ ಕಾಗದ ಅವರ ಮೇಜಿನ ಮೇಲಿರಬೇಕು, ಅಂದರೆ ಜನವರಿಯಿಂದ ಮಾತುಕತೆ ಶುರುವಾಗಬೇಕು. ಫೆಬ್ರವರಿ, ಮಾರ್ಚಿನಲ್ಲಿ ಹಣ ಉಳಿದಿದೆ ಎಂದು ಅವಸರದಿಂದ ಕರೆ ಬರುವುದೂ ಉಂಟು. ಕಡತ ಸಿದ್ಧವಿದ್ದವರಿಗೆ ಮಾತ್ರ ಆ ಕರೆಯಿಂದ ಪ್ರಯೋಜನ.

ಹಣ ಬಂದ ಮೇಲೆ

ಅನುದಾನಕ್ಕೆ ಬೇರೆ ಖಾತೆ, ಆಗದಿದ್ದರೆ ಕನಿಷ್ಠ ಬೇರೆ ಲೆಡ್ಜರ್. ಪ್ರತಿ ಖರ್ಚಿಗೂ ವೋಚರ್, ವೋಚರಿಗೆ ಬಿಲ್, ಬಿಲ್ಲಿನ ಮೇಲೆ ಯಾವ ಯೋಜನೆಯದೆಂಬ ಮೊಹರು. ಒಂದೇ ಬಿಲ್ಲನ್ನು ಇಬ್ಬರು ದಾನಿಗಳಿಗೆ ತೋರಿಸಿ ಸಿಕ್ಕಿಬಿದ್ದ ಸಂಸ್ಥೆಗೆ ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ. ಸಣ್ಣ ಸಂಘಗಳಲ್ಲಿ ಇದು ಕಳ್ಳತನಕ್ಕಿಂತ ಹೆಚ್ಚಾಗಿ ಉದಾಸೀನದಿಂದ ಆಗುತ್ತದೆ. ಮೊಹರು ಹೊಡೆಯುವ ಅಭ್ಯಾಸ ಅದನ್ನು ತಡೆಯುತ್ತದೆ.

ಕೇಂದ್ರ ಸರ್ಕಾರದ ಅನುದಾನವಾದರೆ ಬಳಕೆ ಪ್ರಮಾಣಪತ್ರವನ್ನು, ಅಂದರೆ ಎಲ್ಲರೂ ಯುಸಿ ಎನ್ನುವ ಕಾಗದವನ್ನು, ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ (ಇದು ತೆರಿಗೆಯ 12ಎ ಅಲ್ಲ) ಕೊಡಬೇಕು. ಅದು ಕೊಡದೆ ಮುಂದಿನ ಕಂತು ಇಲ್ಲ. ಆ ಹಣಕ್ಕೆ ಬ್ಯಾಂಕು ಕೊಟ್ಟ ಬಡ್ಡಿಯನ್ನೂ ಸರ್ಕಾರಕ್ಕೆ ಮರಳಿಸಬೇಕು. ಬಡ್ಡಿ ನಮ್ಮದೇ ಎಂದು ಖರ್ಚು ಮಾಡಿದವರಿಗೆ ಆಡಿಟ್ ಆಕ್ಷೇಪಣೆ ಬರುತ್ತದೆ. ಬೇರೆ ಖಾತೆ ಇರಲಿ ಎಂದದ್ದು ಇದಕ್ಕೂ ಸೇರಿ. ಇನ್ನು ತೆರಿಗೆ ವಿನಾಯಿತಿ ಉಳಿಯಬೇಕಾದರೆ ಸಂಸ್ಥೆಯ ವರ್ಷದ ಆದಾಯದ ಶೇಕಡ 85ರಷ್ಟನ್ನು ಉದ್ದೇಶಿತ ಕೆಲಸಕ್ಕೆ ಬಳಸಿರಬೇಕು. ಮಾರ್ಚ್ ಕೊನೆಗೆ ದೊಡ್ಡ ಮೊತ್ತ ಬಂದು ಖರ್ಚಾಗದೆ ಉಳಿದರೆ ಗಡುವಿನೊಳಗೆ ಆಡಿಟರಿಂದ ಅದಕ್ಕೆ ಬೇಕಾದ ಫಾರಂ ಹಾಕಿಸಿ.

ಯೋಜನೆ ಮಧ್ಯದಲ್ಲಿ ದಾರಿ ಬದಲಾದರೆ ಮೊದಲೇ ಪತ್ರ ಬರೆಯಿರಿ. ಶಿಕ್ಷಕಿ ಮದುವೆಯಾಗಿ ಊರು ಬಿಟ್ಟರು, ಒಂದು ಕೇಂದ್ರ ಎರಡು ತಿಂಗಳು ಮುಚ್ಚಿತ್ತು, ಉಳಿದ 16,000ವನ್ನು ಪುಸ್ತಕಕ್ಕೆ ಬಳಸಲು ಅನುಮತಿ ಕೊಡಿ ಎಂದು ಕೇಳಿದರೆ ಬಹುತೇಕ ಒಪ್ಪುತ್ತಾರೆ. ಕೇಳದೆ ಬಳಸಿ ವರದಿಯಲ್ಲಿ ಮುಚ್ಚಿಟ್ಟರೆ ಅದೇ 16,000 ವಾಪಸು ಕೇಳುತ್ತಾರೆ.

ಅರ್ಜಿ ತಿರಸ್ಕಾರವಾದರೆ ಹತ್ತು ದಿನ ಬಿಟ್ಟು ಕಾರಣ ಕೇಳಿ ಒಂದು ಸಣ್ಣ ಇಮೇಲ್ ಕಳಿಸಿ. ಎಲ್ಲರೂ ಉತ್ತರಿಸುವುದಿಲ್ಲ, ಆದರೆ ಉತ್ತರಿಸುವವರು ಕೆಲಸಕ್ಕೆ ಬರುವ ಮಾತು ಹೇಳುತ್ತಾರೆ: ಈ ವರ್ಷ ನಿಮ್ಮ ಜಿಲ್ಲೆ ನಮ್ಮ ಪಟ್ಟಿಯಲ್ಲಿಲ್ಲ, ಅಥವಾ ಶಿಕ್ಷಣ ಬಿಟ್ಟು ಆರೋಗ್ಯಕ್ಕೆ ಹೋಗಿದ್ದೇವೆ, ಅಥವಾ ಮೊತ್ತ ನಮಗೆ ತೀರ ಚಿಕ್ಕದು. ಆ ಉತ್ತರವನ್ನು ಅರ್ಜಿಯ ಪ್ರತಿಯ ಜೊತೆಗೇ ಪಿನ್ ಮಾಡಿಡಿ. ಮುಂದಿನ ಜನವರಿಯಲ್ಲಿ ಕಾರ್ಯದರ್ಶಿ ಬದಲಾಗಿದ್ದರೂ ಹೊಸಬರು ಅಲ್ಲಿಂದಲೇ ಶುರುಮಾಡಬಹುದು.